ಯಾವ ಸೂಪರ್‌ಹೀರೋ, ಯಾವ ಕಥೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ. ಸಿನಿಮಾದಲ್ಲಿ ಮೆಚ್ಚಿದ ನಾಯಕನನ್ನು ಕಾಮಿಕ್ಸ್‌ನಲ್ಲಿ ಓದಬೇಕು, ಎಲ್ಲಿಂದ ಹಿಡಿಯಬೇಕು? ಎಲ್ಲರಿಗೂ ಅನ್ವಯಿಸುವ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ನಾಯಕನ ಹೆಸರು ನೋಡಿ ಪುಸ್ತಕ ಕೊಳ್ಳಬೇಡಿ. ಒಬ್ಬ ಕಥೆಗಾರ, ಒಬ್ಬ ಚಿತ್ರಕಾರ ಕೂಡಿ ಶುರು ಮಾಡಿ ತಾವೇ ಮುಗಿಸಿದ ಕಥೆಯನ್ನು ಕೊಳ್ಳಿ.

ಪ್ರಶ್ನೆ: ಬ್ಯಾಟ್‌ಮ್ಯಾನ್ ಅಂದ್ರ ನಮಗ ಪ್ರಾಣ. ಆದ್ರ ಆನ್‌ಲೈನ್‌ನಾಗ ಹುಡುಕಿದ್ರ 'ಸಂಪುಟ 1' ಅನ್ನೋವು ಆರೇಳು ಥರ ಬರ್ತಾವ. ಇದರಾಗ ಖರೇ ಮೊದಲನೇದು ಯಾವುದ್ರಿ?
(ಕೌಲ್ ಬಜಾರ್, ಬಳ್ಳಾರಿ)

ಅವುಗಳಲ್ಲಿ ಯಾವುದೂ ಅಲ್ಲ. ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1939ರಲ್ಲಿ, 'ಡಿಟೆಕ್ಟಿವ್ ಕಾಮಿಕ್ಸ್' 27ನೇ ಸಂಚಿಕೆಯಲ್ಲಿ. ಅವನದೇ ಹೆಸರಿನ ಪತ್ರಿಕೆ 1940ರಲ್ಲಿ ಶುರುವಾಗಿ 2011ರವರೆಗೆ 713 ಸಂಚಿಕೆ ಬಂತು. ಆಮೇಲೆ ಹೊಸ ಓದುಗರನ್ನು ಸೆಳೆಯಲು ಪ್ರಕಾಶಕರು ಮತ್ತೆ 1ರಿಂದ ಎಣಿಕೆ ಹಚ್ಚಿದರು, 2016ರಲ್ಲಿ ಮತ್ತೊಮ್ಮೆ ಹಚ್ಚಿದರು. ಹಾಗಾಗಿ 'ಸಂಪುಟ 1' ಅಂದರೆ ಆ ಕಥೆಗಾರನ ಸರದಿಯ ಮೊದಲ ಪುಸ್ತಕ ಎಂದಷ್ಟೇ ಅರ್ಥ. ಬ್ಯಾಟ್‌ಮ್ಯಾನ್ ಕಥೆಯ ಆರಂಭ ಅಲ್ಲಿರಬೇಕೆಂದಿಲ್ಲ. ಒಳಗೆ ಏನಿದೆ ಎಂದು ತಿಳಿಯಲು ಹಕ್ಕುಸ್ವಾಮ್ಯದ ವಿವರ ಇರುವ ಪುಟ ತೆರೆಯಿರಿ. ಸಣ್ಣ ಅಕ್ಷರದಲ್ಲಿ ಯಾವ ಪತ್ರಿಕೆಯ ಯಾವ ಸಂಚಿಕೆಗಳು ಸೇರಿವೆ ಎಂದು ಅಲ್ಲಿ ಬರೆದಿರುತ್ತದೆ. ಆನ್‌ಲೈನ್‌ನಲ್ಲಾದರೆ ಆ ಸಾಲು ವಿವರಣೆಯ ಕೊನೆಯಲ್ಲಿ ಸಿಗುತ್ತದೆ.

ನಿಮ್ಮ ಮೊದಲ ಪುಸ್ತಕ 'ಇಯರ್ ಒನ್' ಆಗಲಿ. 1987ರ ಬ್ಯಾಟ್‌ಮ್ಯಾನ್ 404ರಿಂದ 407, ನಾಲ್ಕೇ ಸಂಚಿಕೆ. ಬರಹ ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಾಝುಕೆಲ್ಲಿ. ಮುಂದೆ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್ ಗಾಥಮ್ ನಗರಕ್ಕೆ ಮರಳಿದ ಮೊದಲ ವರ್ಷದ ಕಥೆ ಇದು. ಅದರ ಅರ್ಧಪಾಲು ಪೊಲೀಸ್ ಅಧಿಕಾರಿ ಗಾರ್ಡನ್‌ನದು. ಲಂಚ ತಿನ್ನುವ ಇಲಾಖೆಯಲ್ಲಿ ಕೈ ಶುದ್ಧವಾಗಿಟ್ಟುಕೊಳ್ಳಲು ಹೋಗಿ ಸಹೋದ್ಯೋಗಿಗಳಿಂದಲೇ ಹೊಡೆತ ತಿನ್ನುವ ಗಾರ್ಡನ್ ಇಲ್ಲಿ ಬ್ಯಾಟ್‌ಮ್ಯಾನ್‌ನಷ್ಟೇ ದೊಡ್ಡ ನಾಯಕ. ಬ್ಯಾಟ್‌ಮ್ಯಾನ್ ಕೂಡ ಇನ್ನೂ ಕಲಿಯುತ್ತಿರುವವನು, ಏಟು ತಿನ್ನುತ್ತಾನೆ, ಲೆಕ್ಕ ತಪ್ಪುತ್ತಾನೆ.

ಎರಡನೆಯದು 'ದಿ ಲಾಂಗ್ ಹ್ಯಾಲೋವೀನ್'. 1996-97ರ 13 ಸಂಚಿಕೆ, ಬರಹ ಜೆಫ್ ಲೋಬ್, ಚಿತ್ರ ಟಿಮ್ ಸೇಲ್. ತಿಂಗಳಿಗೊಂದು ಹಬ್ಬ, ಹಬ್ಬಕ್ಕೊಂದು ಕೊಲೆ. ಸರ್ಕಾರಿ ವಕೀಲ ಹಾರ್ವಿ ಡೆಂಟ್ ಹೇಗೆ ಟು-ಫೇಸ್ ಎಂಬ ಖಳನಾದ ಎಂಬುದು ಇದರ ಬೆನ್ನೆಲುಬು. 'ಇಯರ್ ಒನ್'ನ ಮಾಫಿಯಾ ಮಂದಿಯೇ ಇಲ್ಲೂ ಇರುವುದರಿಂದ ಇದೇ ಕ್ರಮದಲ್ಲಿ ಓದಿ.

ಮೂರನೆಯದು 2011ರ 'ಕೋರ್ಟ್ ಆಫ್ ಔಲ್ಸ್', ಸ್ಕಾಟ್ ಸ್ನೈಡರ್ ಮತ್ತು ಗ್ರೆಗ್ ಕಪುಲ್ಲೊ ಜೋಡಿಯದು. ಇದರ 5ನೇ ಸಂಚಿಕೆಗೆ ಬಂದಾಗ ಪುಟಗಳು ಅಡ್ಡಡ್ಡ ತಿರುಗಿ, ಕಡೆಗೆ ತಲೆಕೆಳಗಾಗುತ್ತವೆ. ಅದು ಅಚ್ಚಿನ ತಪ್ಪಲ್ಲ, ಪುಸ್ತಕ ವಾಪಸ್ ಕಳಿಸಬೇಡಿ. ಚಕ್ರವ್ಯೂಹದಲ್ಲಿ ಸಿಕ್ಕಿಕೊಂಡ ಬ್ಯಾಟ್‌ಮ್ಯಾನ್‌ಗೆ ದಿಕ್ಕು ತಪ್ಪುತ್ತಿದ್ದಂತೆ ಓದುಗನಿಗೂ ತಪ್ಪಲಿ ಎಂದು ಹಾಗೆ ಮಾಡಿದ್ದಾರೆ. ಟ್ಯಾಬ್‌ನಲ್ಲಿ ಓದುವವರು ಆಟೋ ರೊಟೇಟ್ ಬಂದ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ನೀವು ತಿರುಗಿಸಿದಂತೆಲ್ಲ ಪುಟವೂ ತಿರುಗಿ ಈ ತಂತ್ರವೇ ಹಾಳಾಗುತ್ತದೆ. ಇನ್ನೊಂದು ಮಾತು: ಬಿಡಿ ಸಂಪುಟದಲ್ಲಿ 1ರಿಂದ 7ನೇ ಸಂಚಿಕೆ ಮಾತ್ರ ಇರುತ್ತವೆ, ಕಥೆ ನಡುವೆ ನಿಲ್ಲುತ್ತದೆ. ಎರಡನೇ ಸಂಪುಟ 'ಸಿಟಿ ಆಫ್ ಔಲ್ಸ್' ಜೊತೆಗೇ ತರಿಸಿ.

1986ರ 'ಡಾರ್ಕ್ ನೈಟ್ ರಿಟರ್ನ್ಸ್' ಮೊದಲು ಓದಿ ಎಂದು ಅನೇಕರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಅದು ವಯಸ್ಸಾದ ಬ್ಯಾಟ್‌ಮ್ಯಾನ್‌ನ ಕೊನೆಯ ಅಧ್ಯಾಯ, ಯೌವನದ ಪರಿಚಯವಿಲ್ಲದೆ ಅದರ ಭಾರ ತಟ್ಟುವುದಿಲ್ಲ. ನಾಲ್ಕನೆಯದಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಸ್ಪೈಡರ್‌ಮ್ಯಾನ್‌ನ ಎಲ್ಲ ಸಿನಿಮಾ ನೋಡಿದ್ದೇನೆ. 'ಕ್ರೇವನ್ಸ್ ಲಾಸ್ಟ್ ಹಂಟ್' ತುಂಬ ಚೆನ್ನಾಗಿದೆ ಎಂದು ಕೇಳಿ 'ಅಮೇಜಿಂಗ್ ಸ್ಪೈಡರ್-ಮ್ಯಾನ್' 293, 294 ಓದಿದೆ. ತಲೆಬುಡ ತಿಳಿಯಲಿಲ್ಲ. ಮೊದಲು ಬೇರೆ ಏನಾದರೂ ಓದಬೇಕಿತ್ತೇ?
(ಪದವಿ ವಿದ್ಯಾರ್ಥಿ, ಗಂಗಾವತಿ)

ನೀವು ಆರು ಭಾಗದ ಕಥೆಯಲ್ಲಿ ಎರಡನೆಯ ಮತ್ತು ಐದನೆಯ ಭಾಗ ಮಾತ್ರ ಓದಿದ್ದೀರಿ. 1987ರಲ್ಲಿ ಈ ಕಥೆ ಮೂರು ಬೇರೆ ಬೇರೆ ಪತ್ರಿಕೆಗಳಲ್ಲಿ ಹಂಚಿಕೊಂಡು ಬಂತು. ಸರಿಯಾದ ಕ್ರಮ ಹೀಗೆ: ವೆಬ್ ಆಫ್ ಸ್ಪೈಡರ್-ಮ್ಯಾನ್ 31, ಅಮೇಜಿಂಗ್ 293, ಸ್ಪೆಕ್ಟಾಕ್ಯುಲರ್ 131, ಮತ್ತೆ ವೆಬ್ 32, ಅಮೇಜಿಂಗ್ 294, ಸ್ಪೆಕ್ಟಾಕ್ಯುಲರ್ 132. ಆರನ್ನೂ ಒಟ್ಟುಗೂಡಿಸಿದ ಪುಸ್ತಕವೇ ಸಿಗುತ್ತದೆ, ಅದನ್ನೇ ಓದಿ. ಡಿಮ್ಯಾಟಿಸ್ ಬರೆದ, ಮೈಕ್ ಝೆಕ್ ಬಿಡಿಸಿದ ಈ ಕಥೆಯಲ್ಲಿ ಬೇಟೆಗಾರ ಕ್ರೇವನ್ ಸ್ಪೈಡರ್‌ಮ್ಯಾನ್‌ನನ್ನು ಮಣ್ಣಿನಲ್ಲಿ ಹೂತು, ಅವನ ವೇಷ ತಾನೇ ತೊಟ್ಟು ಊರು ತಿರುಗುತ್ತಾನೆ. ಮದುವೆಯಾಗಿ ಇನ್ನೂ ಹೆಚ್ಚು ದಿನವಾಗದ ಮೇರಿ ಜೇನ್ ಮನೆಯಲ್ಲಿ ಕಾಯುತ್ತಾಳೆ. ಗಂಡನ ಸಾವಿನ ಭಯವನ್ನು ಅಷ್ಟು ಹತ್ತಿರದಿಂದ ತೋರಿಸಿದ ಸೂಪರ್‌ಹೀರೋ ಕಥೆಗಳು ಕಡಿಮೆ.

ಆದರೆ ಅದಕ್ಕೂ ಮೊದಲು ಎರಡು ಕಥೆ ಓದಿಕೊಂಡರೆ ಒಳ್ಳೆಯದು. ಒಂದು, 1965-66ರ ಅಮೇಜಿಂಗ್ 31ರಿಂದ 33. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಜೋಡಿಯ ಅತ್ಯುತ್ತಮ ಕೆಲಸ ಇದು ಎಂಬುದು ನಮ್ಮ ಅಭಿಪ್ರಾಯ. ಮೇ ಅತ್ತೆ ಸಾವಿನಂಚಿನಲ್ಲಿದ್ದಾಳೆ, ಮದ್ದು ಕಣ್ಣೆದುರಿಗೇ ಇದೆ, ಸ್ಪೈಡರ್‌ಮ್ಯಾನ್ ವೇಷದ ಪೀಟರ್ ಮಾತ್ರ ದೊಡ್ಡ ಯಂತ್ರದಡಿ ಸಿಕ್ಕಿದ್ದಾನೆ, ಮೇಲಿಂದ ನೀರು ಸೋರುತ್ತಿದೆ. 33ನೇ ಸಂಚಿಕೆಯಲ್ಲಿ ಅವನು ಆ ಭಾರ ಎತ್ತುವ ಪುಟಗಳನ್ನು ನಿಧಾನವಾಗಿ ನೋಡಿ. ಅವನ ಪ್ರಯತ್ನ ಬಲವಾದಂತೆ ಚೌಕಗಳೂ ಹಿಗ್ಗುತ್ತಾ ಹೋಗಿ, ಭಾರ ಮೇಲೆದ್ದಾಗ ಇಡೀ ಪುಟವೇ ಒಂದು ಚಿತ್ರವಾಗುತ್ತದೆ.

ಇದೇ 31ನೇ ಸಂಚಿಕೆಯಲ್ಲಿ, ಮುಂದೆ ಪೀಟರ್‌ನ ಪ್ರೇಯಸಿಯಾಗುವ ಗ್ವೆನ್ ಸ್ಟೇಸಿ ಮೊದಲ ಸಲ ಬರುತ್ತಾಳೆ. ಎರಡನೆಯ ಕಥೆ ಅವಳದೇ: 1973ರ 121 ಮತ್ತು 122, ಗೆರ್ರಿ ಕಾನ್ವೆ ಬರಹ, ಗಿಲ್ ಕೇನ್ ಚಿತ್ರ. ಸೇತುವೆಯಿಂದ ಬೀಳುವ ಗ್ವೆನ್‌ಳನ್ನು ಸ್ಪೈಡರ್‌ಮ್ಯಾನ್‌ನ ಎಳೆ ಹಿಡಿಯುವ ಚೌಕದಲ್ಲಿ ಅವಳ ಕತ್ತಿನ ಹತ್ತಿರ ಸಣ್ಣ ಅಕ್ಷರದಲ್ಲಿ ಒಂದು ಸದ್ದು ಬರೆದಿದೆ. ಅವಸರದಲ್ಲಿ ಓದಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಕಂಡರೆ ಇಡೀ ಕಥೆಯ ಅರ್ಥವೇ ಬದಲಾಗುತ್ತದೆ.

ಇನ್ನು ನಮ್ಮ ದೇಶದ ಪವಿತ್ರ್ ಪ್ರಭಾಕರ್. ಅವನ 'ಸ್ಪೈಡರ್-ಮ್ಯಾನ್: ಇಂಡಿಯಾ' 2004-05ರಲ್ಲಿ ನಾಲ್ಕು ಸಂಚಿಕೆಯಾಗಿ ಬಂತು. ಮುಂಬೈ ಹುಡುಗ, ಧೋತಿ ಉಟ್ಟ ಸ್ಪೈಡರ್‌ಮ್ಯಾನ್, ಯೋಗಿಯಿಂದ ಬಂದ ಶಕ್ತಿ. ಜೀವನ್ ಕಾಂಗ್ ಚಿತ್ರಗಳು ಚೆಂದ, ಕಥೆ ಸಾಧಾರಣ.

ಪ್ರಶ್ನೆ: ಸೂಪರ್‌ಮ್ಯಾನ್‌ನ ಸೋಲ್ಸೋರೇ ಇಲ್ಲಂದ್ಮ್ಯಾಲ ಅವನ ಕಥಿ ಓದೋದಾದ್ರೂ ಯಾಕ್ರಿ?
(ರಾಯಚೂರು)

ಅವನು ಗೆಲ್ಲುತ್ತಾನೋ ಇಲ್ಲವೋ ಎಂದು ಓದಿದರೆ ಬೇಸರವೇ. ಇರುವ ಶಕ್ತಿಯನ್ನು ಯಾರಿಗಾಗಿ ಖರ್ಚು ಮಾಡುತ್ತಾನೆ ಎಂದು ನೋಡಿದರೆ ಕಥೆ ತೆರೆದುಕೊಳ್ಳುತ್ತದೆ. ಅದಕ್ಕೆ 'ಆಲ್-ಸ್ಟಾರ್ ಸೂಪರ್‌ಮ್ಯಾನ್' ಓದಿ. 2005ರಿಂದ 2008ರವರೆಗೆ ಬಂದ 12 ಸಂಚಿಕೆ, ಗ್ರಾಂಟ್ ಮಾರಿಸನ್ ಬರಹ, ಫ್ರಾಂಕ್ ಕ್ವೈಟ್ಲಿ ಚಿತ್ರ. ಸೂರ್ಯನ ಹತ್ತಿರ ಹೋಗಿ ಬೇರೆಯವರ ಜೀವ ಉಳಿಸುವಾಗ ಮಿತಿಮೀರಿದ ಸೌರಶಕ್ತಿ ಮೈಗೆ ಹೊಕ್ಕು ಅವನ ಜೀವಕೋಶಗಳೇ ಸಾಯತೊಡಗುತ್ತವೆ. ಉಳಿದ ದಿನಗಳಲ್ಲಿ ಅವನು ಏನೇನು ಮುಗಿಸಿ ಹೋಗುತ್ತಾನೆ ಎಂಬುದೇ ಕಥೆ. 10ನೇ ಸಂಚಿಕೆಯಲ್ಲಿ ಕಟ್ಟಡದ ಅಂಚಿನಲ್ಲಿ ಜೀವ ಕಳೆದುಕೊಳ್ಳಲು ನಿಂತ ಹುಡುಗಿಯ ಬಳಿ ಅವನು ಬರುವ ಪುಟ ಒಂದೇ ಸಾಕು, ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹಳೆಯ ಮುದ್ರಣದಲ್ಲಿ ಇದು ಆರಾರು ಸಂಚಿಕೆಯ ಎರಡು ಪುಸ್ತಕ. ಒಂದೇ ಕೊಂಡರೆ ಅರ್ಧ ಕಥೆ. 2024ರಿಂದ ಬರುತ್ತಿರುವ ಚಿಕ್ಕ ಗಾತ್ರದ 'ಡಿಸಿ ಕಾಂಪ್ಯಾಕ್ಟ್' ಮುದ್ರಣದಲ್ಲಿ ಹನ್ನೆರಡೂ ಒಟ್ಟಿಗಿವೆ, ಅಮೆರಿಕದ ಬೆಲೆ 9.99 ಡಾಲರ್. ಅಕ್ಷರ ಸಣ್ಣದು, ಚಾಳೀಸು ಇದ್ದವರು ಯೋಚಿಸಿ.

'ಡೆತ್ ಆಫ್ ಸೂಪರ್‌ಮ್ಯಾನ್' ಬಗ್ಗೆ ಅದೇ ಊರಿನ ಇನ್ನೊಬ್ಬರು ಕೇಳಿದ್ದಾರೆ. 1992ರ ಈ ಕಥೆಯ ಸೊಗಸು ಪುಟದ ಲೆಕ್ಕದಲ್ಲಿದೆ. ಕೊನೆಗೆ ಮೂರು ಸಂಚಿಕೆ ಇರುವಾಗ ಪುಟಕ್ಕೆ ನಾಲ್ಕು ಚೌಕ, ಆಮೇಲೆ ಮೂರು, ಆಮೇಲೆ ಎರಡು. ಸೂಪರ್‌ಮ್ಯಾನ್ 75ರಲ್ಲಿ ಪುಟಕ್ಕೆ ಒಂದೇ ಚಿತ್ರ, ಪ್ರತಿ ಪುಟವೂ ಒಂದು ಏಟು. ಇದನ್ನು ಮೊಬೈಲ್‌ನಲ್ಲಿ ಚೌಕ ಚೌಕವಾಗಿ ಓದಿದರೆ ಆ ಇಳಿಲೆಕ್ಕ ಗೊತ್ತೇ ಆಗುವುದಿಲ್ಲ, ಇಡೀ ಪುಟ ಕಾಣುವಂತೆ ಇಟ್ಟುಕೊಳ್ಳಿ. ಸತ್ತವನು 1993ರಲ್ಲಿ ಹಿಂದಿರುಗುವ ಕಥೆ ಬೇರೆ ಪುಸ್ತಕದಲ್ಲಿದೆ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಕಾಮಿಕ್ಸ್ ತೆರೆದರೆ ಎರಡನೇ ಪುಟಕ್ಕೇ ಸಾಕಾಗುತ್ತದೆ. ಸುಲಭವಾದದ್ದು ಯಾವುದು?
(ಮಾನ್ವಿ)

ನೀವು ತೆರೆದದ್ದು ಬಹುಶಃ ಹಳೆಯ ಕಾಮಿಕ್ಸ್ ಇರಬೇಕು. 1960ರಿಂದ 80ರ ದಶಕದವರೆಗಿನ ಕಥೆಗಳಲ್ಲಿ ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಮಾತಿನಲ್ಲೂ ಬರೆಯುವ ರೂಢಿ ಇತ್ತು. ಕ್ರಿಸ್ ಕ್ಲೇರ್‌ಮಾಂಟ್‌ನ ಎಕ್ಸ್-ಮೆನ್ ಎಷ್ಟೇ ಶ್ರೇಷ್ಠವಾದರೂ ಪುಟದ ತುಂಬ ಅಕ್ಷರ. ನಿಮಗೆ 2000ದ ನಂತರದವು ವಾಸಿ.

ಇನ್ನೊಂದು ತೊಡಕು ಭಾಷೆಯದಲ್ಲ, ಅಕ್ಷರದ್ದು. ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರದಲ್ಲೇ ಇರುವುದರಿಂದ ಯಾವುದು ಹೆಸರು, ಯಾವುದು ಸಾಮಾನ್ಯ ಪದ ಎಂದು ತಿಳಿಯುವುದಿಲ್ಲ. ಊರಿನ ಹೆಸರನ್ನು ನಿಘಂಟಿನಲ್ಲಿ ಹುಡುಕಿ ಸಮಯ ಹಾಳಾಗುತ್ತದೆ. ಅದಕ್ಕೆ ಓದುವ ಮೊದಲು ಪಾತ್ರ ಮತ್ತು ಊರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದಲ್ಲೇ ಇಟ್ಟುಕೊಳ್ಳಿ. ಒಂದು ಸಂಚಿಕೆ ಸುಮಾರು 20ರಿಂದ 22 ಪುಟ. ಮೊದಲು ಅಷ್ಟನ್ನೂ ಚಿತ್ರ ಮಾತ್ರ ನೋಡುತ್ತ ಮಗುಚಿ. ಎರಡನೇ ಸುತ್ತಿನಲ್ಲಿ ಮಾತು ಓದಿ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ಬಾಲವಿರುವ ಗುಳ್ಳೆ ಮಾತು, ಮೋಡದಂಥದ್ದು ಯೋಚನೆ, ಆಯತದ ಪೆಟ್ಟಿಗೆ ನಿರೂಪಣೆ, ದಪ್ಪ ಅಕ್ಷರವೆಂದರೆ ಆ ಪದವನ್ನು ಒತ್ತಿ ಹೇಳುತ್ತಿದ್ದಾರೆಂದು ಅರ್ಥ. ಎರಡು ಸಲಕ್ಕಿಂತ ಹೆಚ್ಚು ಬಂದ ಪದಕ್ಕೆ ಮಾತ್ರ ನಿಘಂಟು ತೆಗೆಯಿರಿ.

ಪುಸ್ತಕ ಎಂದರೆ ಮ್ಯಾಟ್ ಫ್ರಾಕ್ಷನ್, ಡೇವಿಡ್ ಆಯಾ ಅವರ 'ಹಾಕ್‌ಐ', 2012ರಿಂದ ಬಂದದ್ದು. ಅದರ 11ನೇ ಸಂಚಿಕೆ ಪೂರ್ತಿ ಒಂದು ನಾಯಿಯ ಕಣ್ಣಿನಿಂದ. ನಾಯಿಗೆ ಮನುಷ್ಯರ ಮಾತು ಅಲ್ಲೊಂದು ಇಲ್ಲೊಂದು ಪದ ಮಾತ್ರ ತಿಳಿಯುತ್ತದೆ, ಉಳಿದದ್ದೆಲ್ಲ ವಾಸನೆಯ ಗುರುತುಚಿತ್ರ. ಇಂಗ್ಲಿಷ್ ಬಾರದವರೂ ಓದಬಹುದಾದ ಇದಕ್ಕಿಂತ ಒಳ್ಳೆಯ ಸೂಪರ್‌ಹೀರೋ ಸಂಚಿಕೆ ನಮಗೆ ಗೊತ್ತಿಲ್ಲ. ಆಮೇಲೆ 'ಆಲ್-ಸ್ಟಾರ್ ಸೂಪರ್‌ಮ್ಯಾನ್'. ಮೇಲೆ ಹೊಗಳಿದ 'ಇಯರ್ ಒನ್' ಸ್ವಲ್ಪ ತಡೆದು ಓದಿ. ಅದರ ನಿರೂಪಣೆ ಕೈಬರಹದಂಥ ಅಕ್ಷರದಲ್ಲಿದೆ, ಅಭ್ಯಾಸ ಇಲ್ಲದವರಿಗೆ ಕಣ್ಣು ಎಡವುತ್ತದೆ.

ಪ್ರಶ್ನೆ: ಮಗಳಿಗೆ 11 ವರ್ಷ. ಸೂಪರ್‌ಹೀರೋ ಪುಸ್ತಕ ಕೊಡಿಸು ಅಂತ ಹಟ. ಯಾವುದು ಕೊಡಿಸಲಿ, ಯಾವುದು ಬೇಡ?
(ತಾಯಿ, ಸಿಂಧನೂರು)

ಮೊದಲು ಬೇಡದ್ದು ಹೇಳುತ್ತೇವೆ ತಾಯಿ. 1988ರ 'ಕಿಲ್ಲಿಂಗ್ ಜೋಕ್' ತೆಳ್ಳಗಿದೆ, ಮುಖಪುಟದಲ್ಲಿ ಜೋಕರ್ ನಗುತ್ತಿದ್ದಾನೆ ಎಂದು ಕೊಂಡುಬಿಡುವವರಿದ್ದಾರೆ. ಅದರಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ನಡೆಯುವ ಕ್ರೌರ್ಯ ಮಕ್ಕಳು ನೋಡುವಂಥದ್ದಲ್ಲ. 'ವಾಚ್‌ಮೆನ್', 'ಓಲ್ಡ್ ಮ್ಯಾನ್ ಲೋಗನ್' ಸಹ ದೊಡ್ಡವರಿಗೆ. ಹೊಸ ಮುದ್ರಣಗಳಲ್ಲಿ ಹಿಂದಿನ ರಟ್ಟಿನ ಮೇಲೆ ವಯಸ್ಸಿನ ಗುರುತು ಇರುತ್ತದೆ, ಅದನ್ನು ನೋಡಿ.

ಕೊಡಿಸಬೇಕಾದದ್ದು 'ಸೂಪರ್‌ಮ್ಯಾನ್ ಸ್ಮ್ಯಾಶಸ್ ದಿ ಕ್ಲ್ಯಾನ್'. ಜೀನ್ ಲುಯೆನ್ ಯಾಂಗ್ ಬರೆದದ್ದು, 2019-20ರಲ್ಲಿ ಮೂರು ಭಾಗವಾಗಿ ಬಂದು ಈಗ ಒಂದೇ ಪುಸ್ತಕವಾಗಿದೆ. 1946ರ ಮೆಟ್ರೊಪೊಲಿಸ್‌ಗೆ ಹೊಸದಾಗಿ ಬಂದ ಚೀನೀ ಮೂಲದ ಕುಟುಂಬ, ಅದರ ಅಂಜುಬುರುಕ ಮಗಳು ರಾಬರ್ಟಾ, ಅವರನ್ನು ಓಡಿಸಲು ನಿಂತ ಜನಾಂಗದ್ವೇಷಿಗಳ ಗುಂಪು. ತಾನೂ ಬೇರೆ ಕಡೆಯಿಂದ ಬಂದವನೇ ಎಂದು ಸೂಪರ್‌ಮ್ಯಾನ್ ಒಪ್ಪಿಕೊಳ್ಳಲು ಕಲಿಯುವ ಕಥೆ. ನೀವೂ ಜೊತೆಗೆ ಕೂತು ಓದಿ, ಮಗಳು ಪ್ರಶ್ನೆ ಕೇಳುತ್ತಾಳೆ.

ಇನ್ನೊಂದೆರಡು ವರ್ಷ ಕಳೆದ ಮೇಲೆ 2014ರ 'ಮಿಸ್ ಮಾರ್ವೆಲ್: ನೋ ನಾರ್ಮಲ್'. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್‌ಳ ಮನೆ, ಅಮ್ಮನ ಗದರಿಕೆ, ಅಪ್ಪನ ಸಲುಗೆ ಎಲ್ಲವೂ ನಮ್ಮ ಮನೆಗಳಿಗೆ ಹತ್ತಿರ. 2015ರಲ್ಲಿ ಇದಕ್ಕೆ ಹ್ಯೂಗೋ ಪ್ರಶಸ್ತಿ ಬಂದಿದೆ.

ಪ್ರಶ್ನೆ: 'ಅವೆಂಜರ್ಸ್' ಸಿನಿಮಾದ ಖಳ ಥಾನೋಸ್ ಚಿಟಿಕೆ ಹೊಡೆಯುವ ಮೂಲ ಕಥೆ ಯಾವುದು? ಸಿನಿಮಾದಂತೆಯೇ ಇದೆಯೇ?
(ಕುರುಗೋಡು)

1991ರ 'ಇನ್ಫಿನಿಟಿ ಗಾಂಟ್ಲೆಟ್', ಆರು ಸಂಚಿಕೆ. ಸಿನಿಮಾದಲ್ಲಿ ಕೊನೆಗೆ ಬರುವ ಚಿಟಿಕೆ ಇಲ್ಲಿ ಮೊದಲ ಸಂಚಿಕೆಯಲ್ಲೇ ಆಗಿಹೋಗುತ್ತದೆ. ಉದ್ದೇಶವೂ ಬೇರೆ: ಇಲ್ಲಿನ ಥಾನೋಸ್ ಹೆಣ್ಣುರೂಪದ ಮೃತ್ಯುವನ್ನು ಮೆಚ್ಚಿಸಲು ಅರ್ಧ ಜೀವರಾಶಿ ಅಳಿಸುತ್ತಾನೆ. ಎದುರು ನಿಂತು ಲೆಕ್ಕ ಹಾಕುವವನು ಐರನ್ ಮ್ಯಾನ್ ಅಲ್ಲ, ಆಡಮ್ ವಾರ್ಲಾಕ್. ಈ ಶಕ್ತಿ ಕೊಡುವ ಆರು ಮಣಿಗಳನ್ನು ಥಾನೋಸ್ ಹೇಗೆ ಕಿತ್ತುಕೊಂಡ ಎಂಬುದು 1990ರ 'ಥಾನೋಸ್ ಕ್ವೆಸ್ಟ್' ಎಂಬ ಎರಡು ಸಂಚಿಕೆಯಲ್ಲಿದೆ, ಅದನ್ನು ಮೊದಲು ಓದಿ. ಎರಡನ್ನೂ ಬರೆದವರು ಜಿಮ್ ಸ್ಟಾರ್ಲಿನ್.

'ಸಿವಿಲ್ ವಾರ್' ಓದುವ ಆಸೆ ಇದ್ದರೆ 2006-07ರ ಮುಖ್ಯ ಏಳು ಸಂಚಿಕೆ ಸಾಕು. ಅದೇ ಹೆಸರು ಹೊತ್ತ ಉಪಕಥೆಗಳ ಸಂಪುಟಗಳು ರಾಶಿ ಇವೆ, ಮೊದಲೇ ಹಣ ಸುರಿಯಬೇಡಿ.

ಪ್ರಶ್ನೆ: ವುಲ್ವರಿನ್‌ಗೆ ಎರಡೇ ಪುಸ್ತಕ ಹೇಳಿ.
(ಲಿಂಗಸುಗೂರು)

1982ರ 'ವುಲ್ವರಿನ್', ಕ್ಲೇರ್‌ಮಾಂಟ್ ಮತ್ತು ಮಿಲ್ಲರ್, ನಾಲ್ಕು ಸಂಚಿಕೆ, ಜಪಾನಿನಲ್ಲಿ ನಡೆಯುತ್ತದೆ. 1991ರ 'ವೆಪನ್ ಎಕ್ಸ್', ಬ್ಯಾರಿ ವಿಂಡ್ಸರ್-ಸ್ಮಿತ್ ಒಬ್ಬರೇ ಬರೆದು ಬಿಡಿಸಿದ್ದು. ಎಕ್ಸ್-ಮೆನ್ ಗುಂಪಿನೊಳಗೆ ಅವನನ್ನು ನೋಡಬೇಕೆಂದರೆ ಎಕ್ಸ್-ಮೆನ್ ಪತ್ರಿಕೆಯ 1981ರ 141, 142ನೇ ಸಂಚಿಕೆ, ಅಂದರೆ 'ಡೇಸ್ ಆಫ್ ಫ್ಯೂಚರ್ ಪಾಸ್ಟ್'. ಸಿನಿಮಾದಲ್ಲಿ ಹಿಂದಿನ ಕಾಲಕ್ಕೆ ಹೋಗುವವನು ವುಲ್ವರಿನ್, ಮೂಲದಲ್ಲಿ ಹೋಗುವವಳು ಕಿಟ್ಟಿ ಪ್ರೈಡ್.

ಪ್ರಶ್ನೆ: ನಮ್ಮ ಕಾಲದ ಹೀರೋ ಫ್ಯಾಂಟಮ್. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವನು. ಈಗ 'ಡೆಂಕಾಲಿ' ಎಂದು ಹುಡುಕಿದರೆ ಹೊಸ ಪುಸ್ತಕ ಯಾವುದೂ ಸಿಗುತ್ತಿಲ್ಲ.
(ನಿವೃತ್ತ ಶಿಕ್ಷಕರು, ಕೊಪ್ಪಳ)

ಗುರುಗಳೇ, ಡೆಂಕಾಲಿ ಎಂಬುದು ಫ್ಯಾಂಟಮ್ ಇರುವ ನಾಡಿಗೆ ಇಂದ್ರಜಾಲದವರು ನಮ್ಮ ಓದುಗರಿಗಾಗಿ ಬದಲಿಸಿದ ಹೆಸರು. ಮೂಲದ ಹೊಸ ಮುದ್ರಣಗಳಲ್ಲಿ ಅದು 'ಬಂಗಲ್ಲಾ'. ಫ್ಯಾಂಟಮ್ ಹುಟ್ಟಿದ್ದು ದಿನಪತ್ರಿಕೆಯ ಚಿತ್ರಪಟ್ಟಿಯಾಗಿ (ಕಾಮಿಕ್ ಸ್ಟ್ರಿಪ್), 1936ರ ಫೆಬ್ರುವರಿ 17ರಂದು. ಇಂದ್ರಜಾಲ 1964ರಿಂದ 1990ರವರೆಗೆ ಆ ಪಟ್ಟಿಗಳನ್ನು ಕತ್ತರಿಸಿ ಪುಟಕ್ಕೆ ಹೊಂದಿಸಿ ಅಚ್ಚು ಹಾಕುತ್ತಿತ್ತು, ಎಷ್ಟೋ ಚೌಕ, ಮಾತು ಬಿಟ್ಟುಹೋಗಿವೆ. ಹಾಗಾಗಿ ನಿಮಗೆ ಬಾಯಿಪಾಠವಾದ ಕಥೆಗಳಲ್ಲೂ ಹೊಸದು ಸಿಗುತ್ತದೆ. ದಿನಪತ್ರಿಕೆ ಪಟ್ಟಿಗಳನ್ನು ತಾರೀಖಿನ ಕ್ರಮದಲ್ಲಿ ಸಂಪುಟವಾಗಿ ತಂದಿರುವುದು ಹರ್ಮಿಸ್ ಪ್ರೆಸ್. ಅದರ ಮೊದಲ ಸಂಪುಟದಲ್ಲಿ ಲೀ ಫಾಕ್ ಬರೆದ, ರೇ ಮೂರ್ ಬಿಡಿಸಿದ ಮೊಟ್ಟಮೊದಲ ಕಥೆ 'ಸಿಂಗ್ ಬ್ರದರ್‌ಹುಡ್' ಇದೆ. ನಿಮ್ಮ ಕಣ್ಣಲ್ಲಿ ಉಳಿದಿರುವ ಫ್ಯಾಂಟಮ್‌ನ ಮುಖ ಮಾತ್ರ ಬಹುಶಃ ಸೈ ಬ್ಯಾರಿಯದು, ಅವರು 1961ರಿಂದ ಬಿಡಿಸಿದವರು. ಡಯಾನಾ ಜೊತೆಗಿನ ಮದುವೆ 1977ರದು, ಅದೂ ಬ್ಯಾರಿ ಕಾಲದ್ದೇ. ಕೊಳ್ಳುವಾಗ ವರ್ಷ ನೋಡಿ ಆರಿಸಿ.

ಪ್ರಶ್ನೆ: ಅದಿರಿನ ಧೂಳು ಕಪಾಟಿನೊಳಗೂ ಬರುತ್ತದೆ. ಬೇಸಿಗೆಗೆ ಎರಡು ಪುಸ್ತಕದ ಬೆನ್ನು ಬಿರಿಯಿತು. ಕಾಮಿಕ್ಸ್ ಹೇಗೆ ಕಾಪಾಡುವುದು?
(ಸಂಡೂರು)

ಕೆಂಪು ಧೂಳನ್ನು ಒದ್ದೆ ಬಟ್ಟೆಯಿಂದ ಎಂದೂ ಒರೆಸಬೇಡಿ. ನೀರು ತಾಗಿದರೆ ಅದು ಕಾಗದಕ್ಕೆ ಬಣ್ಣದಂತೆ ಹಿಡಿದುಕೊಳ್ಳುತ್ತದೆ. ಪುಸ್ತಕ ಬಿಗಿಯಾಗಿ ಮುಚ್ಚಿ ಹಿಡಿದು, ಒಣ ಮೆತ್ತನೆ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಗೆ ಹೊಡೆಯಿರಿ. ಬಿಡಿ ಸಂಚಿಕೆಗಳಿಗೆ ಪಾಲಿಪ್ರೊಪಿಲೀನ್ ಕವರು ಹಾಕಿ. ಪಿವಿಸಿ ಕವರು ಬೇಡ, ಶಾಖಕ್ಕೆ ಅದು ಮುಖಪುಟದ ಶಾಯಿಗೆ ಅಂಟುತ್ತದೆ. ಬೆನ್ನು ಬಿರಿಯುವುದು ಅಂಟು ಒಣಗಿದ್ದಕ್ಕೆ. ಬಿಸಿಲು ಬಡಿಯುವ ಪಡುವಣ ಗೋಡೆಗೆ ಕಪಾಟು ತಾಗಿಸಿಡಬೇಡಿ, ಪುಸ್ತಕವನ್ನು ಪೂರ್ತಿ ಅಗಲಿಸಿ ಬೋರಲು ಹಾಕಬೇಡಿ. ಹೊಸ ಪೇಪರ್‌ಬ್ಯಾಕ್ ಬಂದಾಗ ಮುಂದಿನಿಂದ ಹತ್ತು ಪುಟ, ಹಿಂದಿನಿಂದ ಹತ್ತು ಪುಟ ಹೀಗೆ ನಡುವಿನವರೆಗೆ ಮೆಲ್ಲಗೆ ಒತ್ತುತ್ತ ಬಂದರೆ ಅಂಟು ಸಮನಾಗಿ ಬಾಗುತ್ತದೆ. ಬೇವಿನ ಸೊಪ್ಪು ಇಡುವುದಾದರೆ ಚೆನ್ನಾಗಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಇಡಿ. ಹಸಿ ಎಲೆ ಹೊಳಪಿನ ಕಾಗದದ ಮೇಲೆ ಕಲೆ ಬಿಡುತ್ತದೆ. ಮಾಮೂಲಿ ಪುಸ್ತಕ ನೆಟ್ಟಗೆ ನಿಲ್ಲಿಸಿ. ಎಂಟುನೂರರಿಂದ ಸಾವಿರ ಪುಟದ ದಪ್ಪ ಸಂಗ್ರಹ, ಅಂದರೆ ಆಮ್ನಿಬಸ್ ಮಾತ್ರ ಮಲಗಿಸಿಡಿ, ನಿಲ್ಲಿಸಿದರೆ ಒಳಪುಟಗಳ ಭಾರಕ್ಕೆ ಹೊಲಿಗೆ ಕೆಳಗೆ ಜಗ್ಗಿ ರಟ್ಟಿನಿಂದ ಬಿಡಿಸಿಕೊಳ್ಳುತ್ತದೆ.